ಮೂವತ್ತನೆಯ ಆರೋಗ್ಯವಂತೆ

ಅವಳನ್ನು ಎಲ್ಲರೂ ಕರೆಯುವುದು ಗುಂಡಿ ಎಂದು. ದರ್ಜಿಯ ಮಗಳು. ಒಂದೂವರೆ ವರ್ಷದವಳಿದ್ದಾಗ ಅಮ್ಮನ ಹೊಲಿಗೆ ಯಂತ್ರದ ಕೆಳಗೆ ಕೂತು ಅಂಗಿಯ ಗುಂಡಿಯೊಂದನ್ನು ನುಂಗಿಬಿಟ್ಟಿದ್ದಳು. ಗುಂಡಿ ಮಾರನೆಯ ದಿನ ಬರಬೇಕಾದ ದಾರಿಯಲ್ಲೇ ಹೊರಗೆ ಬಂತು, ಹೆಸರು ಮಾತ್ರ ಇಪ್ಪತ್ತನಾಲ್ಕು ತುಂಬಿದರೂ ಬಿಟ್ಟು ಹೋಗಲಿಲ್ಲ. ಈಗ ಅವಳು ಮಿದುಳಿನ ಸಂಶೋಧನೆ ಮಾಡುವ ವಿದ್ಯಾರ್ಥಿನಿ. ವಯಸ್ಸಾದವರ ಮರೆವಿನಲ್ಲಿ ಯಾವುದು ಸಹಜ, ಯಾವುದು ಕಾಯಿಲೆ ಎಂದು ಗುರುತಿಸುವುದು ಅವಳ ವಿಷಯ. ಅಮ್ಮ ಅದನ್ನು ಗಿರಾಕಿಗಳಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು: "ನಾನು ಮೈ ಅಳತೆ ತಗೋತೀನಿ, ನನ್ನ ಮಗಳು ತಲೆ ಅಳತೆ ತಗೋತಾಳೆ."

ಪರೀಕ್ಷೆ ನೋಡುವುದಕ್ಕೆ ಬಹಳ ಸರಳ. ಹದಿನೈದು ಪದಗಳನ್ನು ಸೆಕೆಂಡಿಗೊಂದರಂತೆ, ದನಿಯನ್ನು ಏರಿಸದೆ ಇಳಿಸದೆ ಓದಬೇಕು. ಇಪ್ಪತ್ತು ನಿಮಿಷ ಬೇರೆ ಏನಾದರೂ ಮಾಡಿಸಿ, ಆಮೇಲೆ ನೆನಪಿರುವುದನ್ನು ಹೇಳಿ ಎನ್ನಬೇಕು. ಆದರೆ ಹಾಗೆ ಒಂದೇ ಸಮನೆ ಓದುವುದು ಬಾಯಿಗೆ ಬರಬೇಕಾದರೆ ಅಭ್ಯಾಸ ಬೇಕು. ಮಾರ್ಗದರ್ಶನ ಮಾಡುವ ಮೇಡಂ ಎರಡು ಹಾಳೆ ಕೊಟ್ಟು ಹೇಳಿದ್ದರು: "ಹಳದಿ ಹಾಳೆ ಅಭ್ಯಾಸಕ್ಕೆ, ಬಿಳಿ ಹಾಳೆ ಪರೀಕ್ಷೆಗೆ. ಬಿಳೀದನ್ನ ಮನೇಲಿ ಯಾರ ಮುಂದೇನೂ ಓದ್ಬೇಡ. ಆಸ್ಪತ್ರೇಲಿ ಡಾಕ್ಟರ್ ಬಳಸೋದೂ ಅದೇ ಪಟ್ಟೀನೇ."

ಗುಂಡಿ ತಲೆಯಾಡಿಸಿದಳು. ಮನೆಗೆ ಬಂದು ಬಿಳಿ ಹಾಳೆಯನ್ನೇ ತೆಗೆದಳು. ಕೊನೆಗೆ ಓದಬೇಕಾದದ್ದು ಅದನ್ನೇ ತಾನೆ, ನಾಲಗೆಗೆ ಬೇರೆ ಪದಗಳ ರೂಢಿ ಯಾಕೆ ಎಂಬುದು ಅವಳ ಜಾಣತನ. ಅತಿ ಜಾಣರೆಲ್ಲ ಕೆಡುವುದು ಇಂಥ ಕಡೆಯೇ.

ಐದು ವಾರ, ದಿನಾ ಸಂಜೆ, ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಅವಳು ಓದಿದಳು: ಛತ್ರಿ, ಸೇತುವೆ, ಚಮಚ, ಮೋಡ, ಏಣಿ… ಅಮ್ಮ ಯಂತ್ರ ತುಳಿಯುತ್ತ ಕೇಳಿದಳು. ಮೊದಲ ದಿನ ಆರೇ ಪದ ನೆನಪಿದ್ದವು. "ಬರೀ ಆರಾ? ನಿಮ್ಮ ಮೇಡಂ ಬೈತಾರೇನೇ?" ಎಂದು ಅಮ್ಮ ಪೆಚ್ಚಾದಳು. ಮೂರನೆಯ ವಾರಕ್ಕೆ ಹದಿನೈದೂ ಬಂದವು. ಗುಂಡಿ ಚಪ್ಪಾಳೆ ತಟ್ಟಿದಳು. ಆ ಮೊದಲ ದಿನದ ಆರನ್ನು ಅವಳು ಎಲ್ಲೂ ಬರೆದಿಡಲಿಲ್ಲ.

ಸಂಶೋಧನೆಗೆ ಮೂವತ್ತು ಜನ ಆರೋಗ್ಯವಂತರು ಬೇಕಿತ್ತು. ಇಪ್ಪತ್ತೊಂಬತ್ತು ಮಂದಿ ಸಿಕ್ಕರು. ಮೂವತ್ತನೆಯಾಕೆ, ನಿವೃತ್ತ ಗ್ರಂಥಪಾಲಕಿ, ಮೊಮ್ಮಗುವಿಗೆ ಜ್ವರವೆಂದು ಕೊನೆಯ ದಿನ ಬರಲಿಲ್ಲ. ಗುಂಡಿ ಅಂಕಪಟ್ಟಿಯ ಆ ಸಾಲಿನಲ್ಲಿ ಅಮ್ಮನ ವಯಸ್ಸು ಹಾಕಿ, ಎದುರಿಗೆ ಹದಿನೈದು ಎಂದು ಬರೆದಳು. ಮೂವತ್ತರಲ್ಲಿ ಒಂದು, ಅಷ್ಟೇ ತಾನೆ! ಆ ವರ್ಷದ ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಅವಳ ಕೆಲಸಕ್ಕೆ ಮೊದಲ ಬಹುಮಾನ ಬಂತು. ವಾರವೊಂದು ಅವಳ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಬಂತು ಅಮ್ಮ ಹೊಲಿದ ಆ ಅಂಗಿ, ಎರಡೂ ಎಡಗೈ ತೋಳಿನದು. ಹಾಕಿಕೊಂಡ ಗಿರಾಕಿ ಕನ್ನಡಿಯ ಮುಂದೆ ಬಲಗೈ ಎತ್ತಲಾಗದೆ ಒದ್ದಾಡಿದ್ದನ್ನು ನೋಡಿ ಅಂಗಡಿಯೇ ನಕ್ಕಿತು, ಅಮ್ಮನೂ ನಕ್ಕಳು. ನಗದವನು ಅಣ್ಣ ಒಬ್ಬನೇ. ಗ್ಯಾರೇಜಿನಲ್ಲಿ ಇಂಜಿನ್ನಿನ ಸದ್ದಿನಲ್ಲೇ ರೋಗ ಹಿಡಿಯುವ ಮೆಕ್ಯಾನಿಕ್ ಅವನು. "ಮೂವತ್ತೈದು ವರ್ಷ ಅಳತೆ ಬರ್ಕೊಳ್ದೆ ಹೊಲಿದೋಳು ಕಣೇ ಅಮ್ಮ. ಮೊನ್ನೆ ಒಬ್ಬನಿಗೇ ಮೂರು ಸಲ ಕೈ ಎತ್ತು ಅಂದ್ಲು. ನಡಿ, ತೋರಿಸ್ಕೊಂಡು ಬರೋಣ," ಎಂದ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೇಜಿನ ಖಾನೆ ಎಳೆದು ಬಿಳಿ ಹಾಳೆ ತೆಗೆದರು. ಗುಂಡಿ ಅದೇ ಪಟ್ಟಿಯನ್ನು ಗುರುತಿಸಿದಳು. ಈಗಲೇ ಹೇಳಬೇಕು ಎಂದುಕೊಂಡಳು. ಹೇಳಿದರೆ ಮೂವತ್ತನೆಯ ಸಾಲು ಹೊರಬೀಳುತ್ತದೆ, ಬಹುಮಾನ ಹೋಗುತ್ತದೆ. ಬಾಯಿ ತೆರೆಯಲಿಲ್ಲ. ಇಪ್ಪತ್ತು ನಿಮಿಷದ ನಂತರ ಅಮ್ಮ ಹದಿನೈದು ಪದಗಳನ್ನೂ ಸಾಲಾಗಿ ಒಪ್ಪಿಸಿದಳು, ಸೆಕೆಂಡಿಗೊಂದರಂತೆ, ದನಿ ಏರಿಸದೆ ಇಳಿಸದೆ. ಅದು ಗುಂಡಿಯದೇ ದನಿಯಾಗಿತ್ತು.

"ನನಗಿಂತ ನಿಮ್ಮ ನೆನಪೇ ಗಟ್ಟಿಯಾಗಿದೆಯಲ್ಲಮ್ಮಾ!" ಎಂದು ಡಾಕ್ಟರ್ ನಕ್ಕರು. ಇಷ್ಟು ಅಂಕ ಬಂದವರಿಗೆ ಮುಂದಿನ ತಪಾಸಣೆ ಬೇಡ, ಕಣ್ಣು ಪರೀಕ್ಷೆ ಮಾಡಿಸಿ ಸಾಕು ಎಂದರು. ಹೊರಗೆ ಬಂದ ಅಣ್ಣ ನಿಟ್ಟುಸಿರು ಬಿಟ್ಟು, "ಮನೇಲೇ ಇಂಥಾ ತಲೆ ಡಾಕ್ಟ್ರನ್ನ ಇಟ್ಕೊಂಡು ಸುಮ್ನೆ ಹೆದರ್ದೆ," ಎಂದು ತಂಗಿಯ ತಲೆ ಮೊಟಕಿದ. ಅವಳಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಅನ್ನಿಸಿದ್ದಷ್ಟೇ. ಎಂಟು ತಿಂಗಳು ಅವಳು ಸುಮ್ಮನಿದ್ದಳು. ಹೊಸ ಕನ್ನಡಕ ಬಂದರೆ ಸರಿಹೋದೀತು ಎಂದುಕೊಂಡಳು. ಅಮ್ಮ ಕತ್ತರಿ ಹುಡುಕುವಾಗ ತಾನೇ ಮೊದಲು ಹುಡುಕಿ ಕೈಗೆ ಕೊಟ್ಟಳು. ಗಿರಾಕಿಗಳ ಅಳತೆಯನ್ನು ಕದ್ದು ಬರೆದಿಟ್ಟಳು. ಅಣ್ಣ ಏನಾದರೂ ಕೇಳಿದರೆ ಮುಖ ತಪ್ಪಿಸಿದಳು. ನಾಚಿಕೆಗೂ ಒಂದು ರೂಢಿ ಬೀಳುತ್ತದೆ ನೋಡಿ, ಹೊಟ್ಟೆಯೊಳಗೆ ಇಟ್ಟುಕೊಂಡು ಊಟ ನಿದ್ದೆ ಎಲ್ಲ ಮಾಡಬಹುದು.

ಆ ಶನಿವಾರ ಅವಳು ಅಂಗಡಿಗೆ ಬಂದಾಗ ಅಮ್ಮ ಒಂದು ಕೋಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆರಡಿ ಎತ್ತರದ ವಕೀಲರೊಬ್ಬರು ಕೊಟ್ಟುಹೋಗಿದ್ದ ಕಪ್ಪು ಬಟ್ಟೆ ಅದು. ಕೋಟು ಅಚ್ಚುಕಟ್ಟಾಗಿತ್ತು, ಹೊಲಿಗೆ ಒಂದು ಕಡೆಯೂ ವಕ್ರವಿರಲಿಲ್ಲ. ಆದರೆ ಎಂಟು ವರ್ಷದ ಮಗುವಿನ ಅಳತೆಯದು.

"ಎಲ್ಲಿ ಹೋಗಿದ್ಯೇ? ಸೋಮವಾರ ಸ್ಕೂಲು ಶುರು ಅಲ್ವಾ? ಬಾ, ಹಾಕ್ಕೊಂಡು ನೋಡು," ಎಂದಳು ಅಮ್ಮ.

ಗುಂಡಿ ತೋಳಿನೊಳಗೆ ಕೈ ತೂರಿಸಲು ನೋಡಿದಳು. ಮೊಣಕೈ ದಾಟಲಿಲ್ಲ. ಅಮ್ಮ ಕೋಟನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದಳು, ಆಮೇಲೆ ಏನೋ ಅರ್ಥವಾದವಳಂತೆ ಕೋಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಅಣ್ಣಂಗೆ ಹೇಳ್ಬೇಡ ಕಣೇ," ಎಂದಳು. ಮುಚ್ಚಿಡುವುದಕ್ಕೆ ತಾಯಿಗೂ ಮಗಳಿಗೂ ಒಂದೊಂದು ಕಾರಣ. ಗುಂಡಿ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು.

ಸಂಜೆ ಅಣ್ಣನಿಗೆ ಎಲ್ಲ ಹೇಳಿದಳು. ಅವನು ಕೈಯ ಗ್ರೀಸು ಒರೆಸುತ್ತಲೇ ಇದ್ದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸೋಮವಾರ ಅವಳು ಮೇಡಂ ಕೋಣೆಗೆ ಹೋಗಿ ನಿಂತುಕೊಂಡೇ ಒಪ್ಪಿಕೊಂಡಳು, ಬಿಳಿ ಹಾಳೆಯಿಂದ ಮೂವತ್ತನೆಯ ಸಾಲಿನವರೆಗೆ.

"ಬಹುಮಾನ ವಾಪಸ್ ಕೊಡೋದು, ಕೆಲಸ ಮತ್ತೆ ಮಾಡೋದು, ಅದೆಲ್ಲ ಇದ್ದೇ ಇದೆ," ಎಂದರು ಮೇಡಂ. "ಡಾಕ್ಟರ್ ಹತ್ರ ಹೋಗಿ ಎಷ್ಟು ತಿಂಗಳಾಯ್ತು?"

"ಎಂಟು."

"ಈ ಕಾಯಿಲೇಲಿ ಮೊದಲ ಎಂಟು ತಿಂಗಳು ಅಂದ್ರೆ ಏನು ಅಂತ ನಿನ್ನ ಪ್ರಬಂಧದಲ್ಲಿ ನೀನೇ ಬರ್ದಿದೀಯ."

ಹೌದು, ಬರೆದಿದ್ದಳು. ಎರಡನೆಯ ಪುಟದಲ್ಲಿ, ಚೆಂದದ ಭಾಷೆಯಲ್ಲಿ. ಔಷಧಿಗೆ ಹಿಡಿತ ಸಿಗುವುದು ಆ ಮೊದಲ ತಿಂಗಳುಗಳಲ್ಲೇ, ಆಮೇಲೆ ಕಷ್ಟ ಎಂದು.

ಗುರುವಾರ ಅಣ್ಣ, ತಂಗಿ ಅಮ್ಮನನ್ನು ಮೇಡಂ ಕೋಣೆಗೆ ಕರೆತಂದರು. ಈ ಸಲ ಮೇಡಂ ತಾವೇ ಕೂತರು, ಯಾರೂ ಕೇಳಿರದ ಬೇರೆ ಪಟ್ಟಿ ತೆಗೆದರು. ಅಣ್ಣ ಹೊರಗೆ ಬೆಂಚಿನ ಮೇಲೆ ಕೂತ. ಅಂಕ ಬರೆಯುವ ಹಾಳೆಯನ್ನು ಮೇಡಂ ಗುಂಡಿಯ ಕೈಗೇ ಕೊಟ್ಟರು. ಕನ್ನಡಿ, ಹಡಗು, ಬೀಗ, ಹುಲ್ಲು… ಅಮ್ಮ ಜಾಣ ಹುಡುಗಿಯ ಹಾಗೆ ಕೈಕಟ್ಟಿ ಕೇಳಿಸಿಕೊಂಡಳು. ಇಪ್ಪತ್ತು ನಿಮಿಷ ಚಿತ್ರಗಳನ್ನು ಜೋಡಿಸಿದಳು.

"ಈಗ ಹೇಳಿ ಅಮ್ಮಾ, ನಾನು ಓದಿದ ಪದಗಳಲ್ಲಿ ಯಾವ್ಯಾವುದು ನೆನಪಿದೆ?"

ಅಮ್ಮ ಮಗಳ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಆಮೇಲೆ ನೆಟ್ಟಗೆ ಕೂತು ಶುರು ಮಾಡಿದಳು. "ಛತ್ರಿ. ಸೇತುವೆ. ಚಮಚ. ಮೋಡ. ಏಣಿ."

ಹದಿನೈದೂ ಹೇಳಿದಳು. ಒಂದೂ ತಪ್ಪಲಿಲ್ಲ. ಅಂದು ಓದಿದ ಪಟ್ಟಿಯದು ಒಂದೂ ಇರಲಿಲ್ಲ.

ಮೇಡಂ ಕಿಟಕಿಯ ಕಡೆ ನೋಡಿದರು. ಅಮ್ಮ ಗುಂಡಿಯ ಕಡೆ ಬಾಗಿ ಪಿಸುಗುಟ್ಟಿದಳು, "ಎಷ್ಟು ಬಂತೇ? ಅಂಗಡೀಲಿ ಒಬ್ಬಳೇ ಇರೋವಾಗೆಲ್ಲಾ ಹೇಳ್ಕೋತಾನೇ ಇರ್ತೀನಿ. ಜನರ ಮುಂದೆ ನಿನ್ನ ಮಾನ ಹೋಗ್ಬಾರ್ದಲ್ಲ."

ಹದಿನೈದು ಎಂದು ಹೇಳುವುದು ಎಷ್ಟು ಸುಲಭವಿತ್ತು! ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಗುಂಡಿ ಹಾಳೆಯ ಮೇಲೆ ಸೊನ್ನೆ ಬರೆದಳು, ಅದನ್ನು ಅಮ್ಮನಿಗೆ ಕಾಣುವಂತೆ ತಿರುಗಿಸಿ ಹಿಡಿದಳು.

"ಸೊನ್ನೆ ಅಮ್ಮ. ತಪ್ಪು ನಿಂದಲ್ಲ, ನಂದು. ನಾನೇ ನಿಂಗೆ ತಪ್ಪು ಪಟ್ಟಿ ಕಲಿಸ್ಬಿಟ್ಟೆ."

ಅಮ್ಮ ಆ ಸೊನ್ನೆಯನ್ನು ನೋಡಿದಳು. ಆಮೇಲೆ ಅಳುತ್ತಿದ್ದ ಮಗಳ ಕೆನ್ನೆಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಅಷ್ಟಕ್ಕೆ ಯಾಕೆ ಅಳ್ತೀಯ? ಸರಿಯಾದ್ದನ್ನ ಓದು. ಸಂಜೆ ಒಳಗೆ ಕಲ್ತುಬಿಡ್ತೀನಿ."