ಮೂರು ಏಟು, ಎರಡು ತಟ್ಟು

ನಾನು ಒಂದು ಸುತ್ತಿಗೆ. ಅಮೆರಿಕದ ವರ್ಜೀನಿಯಾದಲ್ಲಿ, ಹೊಗೆಸೊಪ್ಪಿನ ತೋಟವೊಂದರ ಕುಲುಮೆಯಲ್ಲಿ ಹುಟ್ಟಿದೆ. ಮುರಿದ ನೇಗಿಲ ಗುಳ ಕಾಯಿಸಿ ಬಡಿದು ನನಗೆ ರೂಪ ಕೊಟ್ಟವನು ಅಲ್ಲಿನ ಗುಲಾಮ ಕಮ್ಮಾರ ಕ್ವಾಮಿನ. ಅವನ ತೋಳುಗಳೋ, ಎರಡು ಹೆಬ್ಬಾವು! ಆದರೆ ಆ ತೋಳೂ ಧಣಿಯ ಸ್ವತ್ತು, ನಾನೂ ಧಣಿಯ ಸ್ವತ್ತು.

ಕ್ವಾಮಿನನಿಗೊಂದು ಅಭ್ಯಾಸ. ಕಾದ ಕಬ್ಬಿಣಕ್ಕೆ ಮೂರು ಏಟು, ಆಮೇಲೆ ಬರಿಯ ಅಡೆಗಲ್ಲಿಗೆ ಮೆಲ್ಲಗೆ ಎರಡು ತಟ್ಟು. ಆ ಸದ್ದಿಗೆ ಮೂರು ಹರದಾರಿ ಆಚೆಯ ಹುಂಜಗಳೂ ತಾಳ ತಪ್ಪುತ್ತಿದ್ದವು. ತೋಟದ ಮೇಸ್ತ್ರಿ ಗ್ರಿಮ್ಸ್ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತು, ಆ ಸದ್ದಿನಿಂದಲೇ ಅವನ ಮೇಲೆ ಕಾವಲಿಡುತ್ತಿದ್ದ.

ಒಂದು ಭಾನುವಾರ ಎಲ್ಲರೂ ಪ್ರಾರ್ಥನೆಗೆ ಹೋದಾಗ ಕ್ವಾಮಿನ ನನ್ನನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟ. ನಡೆದ, ಈಜಿದ, ತೆವಳಿದ. ಓಡಿಬಂದವರಿಗೆ ನೆಲೆ ಸಿಗುವ ಉತ್ತರದ ಫಿಲಡೆಲ್ಫಿಯಾ ಮುಟ್ಟುವಷ್ಟರಲ್ಲಿ ಅವನ ಎದೆಬಡಿತ ನನಗೆ ಬಾಯಿಪಾಠವಾಗಿತ್ತು.

ಅಲ್ಲಿ ಹೆಸರು ಬದಲಿಸಿದ, ಕುಲುಮೆ ಹೂಡಿದ, ಬಟ್ಟೆ ಒಗೆದು ಬದುಕುತ್ತಿದ್ದ ಫೀಬಾಳನ್ನು ಮದುವೆಯಾದ. ಕೈಯೊಂದೇ ಅವನ ಮಾತು ಕೇಳಲಿಲ್ಲ, ಮತ್ತದೇ ಮೂರು ಏಟು, ಎರಡು ತಟ್ಟು.

"ನಿನ್ನ ಕೈ ಕಟ್ಟಿಹಾಕು ಮಾರಾಯಾ, ಬೀದಿಗೆಲ್ಲ ಡಂಗುರ ಸಾರ್ತದೆ!" ಎಂದು ಫೀಬಾ ಬೈಯುತ್ತಿದ್ದಳು.

ನಾಲ್ಕನೆಯ ವರ್ಷ, ನಡುಮಧ್ಯಾಹ್ನ, ಕಿಟಕಿಯಾಚೆ ಗ್ರಿಮ್ಸ್! ಕಣ್ಣು ಮುಚ್ಚಿ ಆಲಿಸುತ್ತಿದ್ದ. ಕ್ವಾಮಿನನ ಕೈ ಗಾಳಿಯಲ್ಲೇ ನಿಂತಿತು.

"ಅವನೇ ಕಣೇ. ಮತ್ತೆ ತೋಟಕ್ಕೆ ಎಳ್ಕೊಂಡು ಹೋಗ್ತಾನೆ."

ಫೀಬಾ ನನ್ನನ್ನು ಕಿತ್ತುಕೊಂಡು, ಗಂಡನನ್ನು ಇದ್ದಿಲ ರಾಶಿಯ ಹಿಂದೆ ನೂಕಿ, ಬಡಿದಳು. ಮೂರು, ಎರಡು. ಮೂರು, ಎರಡು. ಒಂದು ದಿನವೂ ನನ್ನನ್ನು ಎತ್ತದವಳು ಕಿವಿಯಲ್ಲೇ ಕಲಿತುಬಿಟ್ಟಿದ್ದಳು!

ಗ್ರಿಮ್ಸ್ ಒಳನುಗ್ಗಿದ. "ಬಡೀತಿದ್ದೋನು ಎಲ್ಲಿ?"

"ಬಡೀತಿರೋಳು ಕಾಣ್ತಿಲ್ವಾ ಸ್ವಾಮಿ? ಲಾಳ ಬೇಕಿತ್ತಾ? ಕುದುರೆಗೋ, ನಿಮಗೋ?"

ಅವನ ಮುಖ ಕುಲುಮೆಗಿಂತ ಕೆಂಪಾಯಿತು. "ನಾಳೆ ಬರ್ತೀನಿ. ಆ ಸದ್ದು ಹಿಡ್ಕೊಂಡೇ ಅವನನ್ನ ಹುಡುಕ್ತೀನಿ," ಎಂದು ಹೊರಟ.

ಫೀಬಾ ಸೆರಗು ಬಿಗಿದಂತೆ ಏಪ್ರನ್ನು ಬಿಗಿದು ಬೀದಿಯ ಒಂದೊಂದು ಕುಲುಮೆಗೂ ಹೋಗಿ ಬಂದಳು. ಅಲ್ಲಿದ್ದವರೂ ಹೀಗೇ ಧಣಿಗಳಿಂದ ತಪ್ಪಿಸಿಕೊಂಡು ಬಂದವರು, ಹೆಚ್ಚು ಹೇಳಬೇಕಾಗಲಿಲ್ಲ.

ಮರುದಿನ ಗ್ರಿಮ್ಸ್ ಬೀದಿಗೆ ಕಾಲಿಟ್ಟ. ಎಡಕ್ಕೆ ಮೂರು, ಎರಡು. ಬಲಕ್ಕೆ ಮೂರು, ಎರಡು. ಹಿಂದೆ, ಮುಂದೆ, ಮೂಲೆಯ ಚಮ್ಮಾರನ ಅಟ್ಟೆಯ ಮೇಲೂ! ಗೂಬೆಯಂತೆ ಕತ್ತು ತಿರುಗಿಸಿ ತಿರುಗಿಸಿ, ಕೊನೆಗೆ ಕಿವಿ ಮುಚ್ಚಿಕೊಂಡು ಬಂಡಿ ಹತ್ತಿದ. ಮತ್ತೆ ಬರಲಿಲ್ಲ.

ಈಗ ನನ್ನ ಹಿಡಿ ಸವೆದಿದೆ, ಗೋಡೆಯ ಮೊಳೆಗೆ ನೇತಾಡುತ್ತಿದ್ದೇನೆ. ಕ್ವಾಮಿನ ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ. ಯಾರು ನಂಬುತ್ತಾರೆ? ಬೆಳಗಾದರೆ ಬೀದಿಯುದ್ದಕ್ಕೂ ಅವನೇ ಕೇಳಿಸುತ್ತಾನೆ.