ಉಜ್ಜಿನಪ್ಪನಿಗೆ ಬಿಟ್ಟ ಜಾಗ

ಉಜ್ಜಿನಪ್ಪನನ್ನು ನಾಳೆ ಮಧ್ಯಾಹ್ನದೊಳಗೆ ಕುರುಗೋಡಿಗೆ ಮುಟ್ಟಿಸಬೇಕೆಂದು ಗುರುರಾಜರು ಬಳ್ಳಾರಿಯಿಂದ ಬೆಳಗಿನ ಬಸ್ಸಿಗೇ ಸಿರುಗುಪ್ಪಕ್ಕೆ ಬಂದಿದ್ದರು. ಕುರುಗೋಡಿನಲ್ಲಿ ಉಜ್ಜಿನಪ್ಪನ ಮಗಳ ಕೂಸಿಗೆ ಹೆಸರಿಡುವ ಶಾಸ್ತ್ರ. ಮೊದಲ ಕೂಸಿನ ಸಲ, ತಾನು ಭತ್ತ ಒಣಗಿಸುವ ಸಿರುಗುಪ್ಪದ ರೈಸ್ ಮಿಲ್ಲಿನ ಡ್ರೈಯರ್ ತುಂಬ ಹಸಿ ಭತ್ತವಿತ್ತೆಂದು ಉಜ್ಜಿನಪ್ಪ ತೊಟ್ಟಿಲನ್ನು ಬೇರೆಯವರ ಕೈಲಿ ಕಳಿಸಿದ್ದ. ಮಗಳು ಎರಡು ತಿಂಗಳು ಮಾತು ಬಿಟ್ಟಿದ್ದಳು.

ಡ್ರೈಯರಿನ ಕಂಪ್ಯೂಟರಿಗೆ ಪ್ಯಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದವರು ಗುರುರಾಜರೇ. ಕಾವು ಬದಲಿಸುವ ಹೊತ್ತಾದರೆ ಅದು ಗಂಟೆ ಬಾರಿಸುತ್ತಿತ್ತು. ಮುಂದಿನದೆಲ್ಲ ಉಜ್ಜಿನಪ್ಪನ ಕೈಲಿ.

"ಈಗ ಉಗಿ ಬಿಡೋ ಚಕ್ರಕ್ಕ ಮೋಟಾರ್ ಕೂಡಿಸೀನಿ, ಪ್ರೋಗ್ರಾಮಿನಾಗ ಒಂದು ಜಾಗ ಬಿಟ್ಟೀನಿ," ಎಂದರು ಗುರುರಾಜರು. "ಇಂಥ ಜಾಗಕ್ಕ ವೇರಿಯಬಲ್ ಅಂತಾರ. ಬ್ಯಾರೆದರಾಗ ಅಂಕಿ ಇಡ್ತೀವಿ. ಇದರಾಗ ಕೆಲಸಾನ ಇಡಬಹುದು. ಯಾರ ವಿಧಾನ ಇಟ್ರ ಅವರಂಗ ನಡೀತೈತಿ. ನಿಮ್ಮದು ಹೇಳ್ರಿ."

"ನಂದೆಲ್ಲ ಹಲ್ಲಾಗ ಐತ್ರಿ."

ಅವನು ಕಾಳು ಕಡಿದಾಗಲೆಲ್ಲ ಗುರುರಾಜರು ತೇವ ಅಳೆದು ಬರೆದುಕೊಂಡರು. ತೇವ ಶೇಕಡಾ ಹದಿನೆಂಟಕ್ಕೆ ಇಳಿದಾಗ ಉಜ್ಜಿನಪ್ಪ ಉಗಿಯ ಚಕ್ರ ಮುಚ್ಚಿದ. "ಇಲ್ಲಿ ಅರ್ಧ ತಾಸು ಉಸಿರು ತಗೊಳ್ಳಾಕ ಬಿಡಬೇಕ್ರಿ. ಇಲ್ಲಾಂದ್ರ ಅಕ್ಕಿ ಒಡೀತೈತಿ."

ಸಂಜೆಗೆ ಹೊಸ ಭತ್ತ ತುಂಬಿ ಪರೀಕ್ಷೆ ಮಾಡಿದರು. ಪರದೆಯಲ್ಲಿ ಕಾವು ಏರಿತು, ತೇವ ಹದಿನೆಂಟಕ್ಕೆ ಬಂದಾಗ ಸರಿಯಾಗಿ ಇಳಿಯಿತು. ಹೇಳಿ ಬರೋಣವೆಂದು ಗುರುರಾಜರು ಹೊರಗೆ ಬಂದರೆ, ಉಜ್ಜಿನಪ್ಪನ ಕೈ ಚಕ್ರದ ಮೇಲಿತ್ತು.

"ಇದೇನ್ ಮಾಡಾಕತ್ತೀರಿ?"

"ಅಯ್ಯ, ಗೊತ್ತಾಗ್ಲೇ ಇಲ್ಲ ನೋಡ್ರಿ. ಕೈ ತಾನಾ ಹೋಗೈತಿ."

ಗುರುರಾಜರು ಒಳಗೆ ಹೋಗಿ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದರು. ವಿಧಾನವನ್ನು ಬರೆದಿದ್ದರು, ಬಿಟ್ಟ ಜಾಗದಲ್ಲಿ ಅದನ್ನು ಇಡುವುದನ್ನೇ ಮರೆತಿದ್ದರು. ಜಾಗ ಖಾಲಿಯಿದ್ದರೆ ಸುಮ್ಮನೆ ಮುಂದೆ ಹೋಗೆಂದು ಬರೆದವರೂ ಅವರೇ. ಇಷ್ಟು ಹೊತ್ತು ಡ್ರೈಯರ್ ನಡೆಸಿದ್ದು ಉಜ್ಜಿನಪ್ಪನ ಮೂವತ್ತು ವರ್ಷದ ರೂಢಿ. ಈ ಪರೀಕ್ಷೆಯನ್ನೇ ನಂಬಿ ಅವನನ್ನು ಕಳಿಸಿದ್ದರೆ ನಾಳೆ ಭತ್ತ ಸುಟ್ಟಿರುತ್ತಿತ್ತು.

ಒಂದೇ ಸಾಲು ಸೇರಿಸಿದರು: ವಿಧಾನ := ಉಜ್ಜಿನಪ್ಪ;

"ನನ್ನ ಹೆಸರಾ ಇಟ್ರ್ಯಾ?"

"ಕೆಲಸ ನಿಮ್ಮದಲ್ಲೇನ್ರಿ. ಈಗ ಎರಡೂ ಕೈಲಿ ಚಾ ಗ್ಲಾಸು ಹಿಡೀರಿ, ಬಿಡಬ್ಯಾಡ್ರಿ."

ಮತ್ತೆ ಹಸಿ ಭತ್ತ ತುಂಬಿ ಡ್ರೈಯರ್ ನಡೆಸಿದರು. ಚಹಾ ಆರಿತು, ಅವನು ಕುಡಿಯಲಿಲ್ಲ. ಹದಿನೆಂಟಕ್ಕೆ ಚಕ್ರ ತಾನೇ ತಿರುಗಿತು. ಅರ್ಧ ತಾಸಿನ ಮೇಲೆ ಕಾವು ಮೆಲ್ಲಗೆ ಏರಿತು. ಕೊನೆಗೆ ಉಜ್ಜಿನಪ್ಪ ಒಂದು ಕಾಳು ಕಡಿದ. ಹದವಾಗಿ ಒಣಗಿ ಕಟ್ ಎಂದಿತು.

"ನನಗಿಂತ ಸಮಾಧಾನ ಐತ್ರಿ ಇದಕ್ಕ," ಎಂದು ಕುರುಗೋಡಿಗೆ ಒಯ್ಯುವ ತೊಟ್ಟಿಲಿಗೆ ಹಗ್ಗ ಬಿಗಿಯಲು ಎದ್ದ.

ಮರುದಿನ ಮಧ್ಯಾಹ್ನ ಮಿಲ್ಲಿನಲ್ಲಿದ್ದ ಗುರುರಾಜರಿಗೆ ಕುರುಗೋಡಿನಿಂದ ಅವನ ಫೋನ್ ಬಂತು.

"ಉಸಿರು ತಗೊಳ್ಳಾಕ ಬಿಟ್ಟೈತೇನ್ರಿ?"

"ಬಿಟ್ಟೈತಿ."

ಆ ಕಡೆ ಮಗಳ ದನಿ ಕೇಳಿಸಿತು: "ಅಪ್ಪಾ, ಫೋನ್ ಇಡು. ತೊಟ್ಟಿಲ ಹಿಡಿ ಬಾ."