ಬಸುರಾದರೆ ಕೆಲಸ ಹೋಗುತ್ತದೆಯೇ?

೧೯೪೦ರ ಚಳಿಗಾಲ. ಬೋರೋಸ್ ಪಟ್ಟಣದ ಗಿರಣಿಯಲ್ಲಿ ಮಗ್ಗ ನಡೆಸುವ ಸಿಗ್ನೆಗೆ ಆರು ತಿಂಗಳು ತುಂಬಿತ್ತು. ಮೇಸ್ತ್ರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯ. ದಿನಾ ಬೆಳಿಗ್ಗೆ ಅಕ್ಕ ಹುಲ್ಡಾ ಅವಳ ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುತ್ತಿದ್ದಳು.

"ಸಾಕು ಅಕ್ಕ, ಉಸಿರು ಕಟ್ಟುತ್ತೆ."

"ಕಟ್ಟಲಿ. ಮದುವೆ ಉಂಗುರ ಹಾಕ್ಕೊಂಡು ಹೋಗಿದ್ದಕ್ಕೇ ಅದೇ ಗಿರಣಿಯಿಂದ ನನ್ನನ್ನ ಮನೆಗೆ ಕಳಿಸಿದ್ರು. ಬಸುರಿ ಅಂದ್ರೆ ನಿನ್ನನ್ನ ತಲೆ ಮೇಲೆ ಕೂರಿಸ್ಕೋತಾರಾ?"

ಒಂದು ಬೆಳಿಗ್ಗೆ ಬಟ್ಟೆ ಕಟ್ಟುವಾಗಲೇ ಸಿಗ್ನೆಗೆ ಕಣ್ಣು ಕತ್ತಲೆ ಬಂತು. ಅಡುಗೆಮನೆಯ ನೆಲಕ್ಕೆ ಕುಸಿದಳು. ಹುಲ್ಡಾ ಓಡಿಹೋಗಿ ಸೂಲಗಿತ್ತಿ ವಾಲ್ಬೊರ್ಗ್‌ಳನ್ನು ಕರೆತಂದಳು.

ವಾಲ್ಬೊರ್ಗ್ ಕಟ್ಟು ಬಿಚ್ಚಿ, ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಕಿವಿಗೊಟ್ಟಳು. ಕೊಳವೆಯನ್ನು ಎರಡು ಮೂರು ಕಡೆ ಸರಿಸಿ ಆಲಿಸಿದಳು.

"ಮಗುವಿನ ಎದೆಬಡಿತ ಕೇಳಿಸ್ತಿದೆ," ಎಂದಳು ಸೂಲಗಿತ್ತಿ ಕೊನೆಗೆ. "ಯಾರಮ್ಮ ಇದನ್ನ ಕಟ್ಟಿದ್ದು?"

"ನಾನೇ. ಇವಳ ಕೆಲಸ ಹೋದ್ರೆ ಆ ಮಗು ಏನು ತಿನ್ನುತ್ತೆ?"

"ಹೋಗಲ್ಲ. ಹೋದ ವರ್ಷವೇ ಕಾನೂನು ಬಂದಿದೆ. ಇವಳ ಹಾಗೆ ವರ್ಷಗಟ್ಟಲೆ ದುಡಿದವಳನ್ನ, ಮದುವೆಯಾದಳು, ಬಸುರಾದಳು ಅಂತ ತೆಗೆಯೋ ಹಾಗಿಲ್ಲ. ಹೆರಿಗೆಗೆ ರಜೆನೂ ಕೊಡ್ಬೇಕು."

"ಕಾನೂನು ರಾಜಧಾನಿ ಸ್ಟಾಕ್‌ಹೋಮಲ್ಲಿರುತ್ತೆ. ಗಿರಣೀಲಿ ಇರೋನು ಮೇಸ್ತ್ರಿ."

"ಹಾಗಾದ್ರೆ ಅವನಿಗೇ ಹೋಗಿ ಹೇಳಿ. ಒಪ್ಪದಿದ್ರೆ ಕಾರ್ಮಿಕ ಸಂಘ ಇದೆ."

ಹುಲ್ಡಾ ತಲೆ ತಗ್ಗಿಸಿದಳು. "ನನ್ನ ಕಾಲಕ್ಕೆ ಯಾಕೆ ಬರ್ಲಿಲ್ಲ ಇದು?"

"ನಿನ್ನಂಥವರು ಎಷ್ಟೋ ಜನ ಮನೆ ಸೇರಿದ ಮೇಲೇ ಬಂತು ಕಣೆ. ಹೆಂಗಸರು ಜಗಳ ಆಡಿ ಆಡಿ ತಂದಿದ್ದು."

ಮರುದಿನ ಅಕ್ಕತಂಗಿ ಇಬ್ಬರೂ ಮೇಸ್ತ್ರಿಯ ಮುಂದೆ ನಿಂತರು. ಅವನು ಸಿಗ್ನೆಯ ಹೊಟ್ಟೆ ನೋಡಿದ.

"ಸಾಮಾನು ತಗೊಂಡು ಹೊರಡು."

"ನನಗೂ ಇದನ್ನೇ ಹೇಳಿದ್ರಿ, ಮೇಸ್ತ್ರಿಗಳೇ," ಎಂದಳು ಹುಲ್ಡಾ. "ನಾನು ಹೋದೆ. ಇವಳು ಹೋಗಲ್ಲ. ಹೊಸ ಕಾನೂನು ಏನನ್ನುತ್ತೆ ಅಂತ ಆಫೀಸಲ್ಲಿ ಕೇಳ್ಕೊಂಡು ಬನ್ನಿ. ನಾವು ಇಲ್ಲೇ ಇರ್ತೀವಿ."

ಅವನು ದುರುಗುಟ್ಟಿಕೊಂಡು ಆಫೀಸಿನ ಮೆಟ್ಟಿಲು ಹತ್ತಿದ. ಸಿಗ್ನೆ ಅಕ್ಕನ ತೋಳನ್ನು ಬಿಡದೆ ಹಿಡಿದಿದ್ದಳು. ಇಳಿದು ಬಂದವನು ಇಬ್ಬರ ಮುಖವನ್ನೂ ನೋಡಲಿಲ್ಲ.

"ಮಗ್ಗ ನಿಂತಿದೆ. ಹೋಗಿ ನಡೆಸು."

ಸಿಗ್ನೆ ಒಳಗೆ ಹೋದಳು. ಹುಲ್ಡಾ ಗೇಟಿನಾಚೆ ಬಂದು, ಗೋಡೆಗೆ ಒರಗಿ ಅತ್ತಳು.

ಸಿಗ್ನೆಗೆ ಹೆಣ್ಣುಮಗು ಹುಟ್ಟಿತು. ರಜೆ ಮುಗಿಸಿ ಅವಳು ತನ್ನ ಮಗ್ಗಕ್ಕೇ ಮರಳಿದಳು. ಈಗ ಹುಲ್ಡಾ ಕೂಡ ಮತ್ತೆ ಕೆಲಸ ಕೇಳಿದ್ದಾಳೆ. ಗಿರಣಿಯವರು ಇನ್ನೂ ಏನೂ ಹೇಳಿಲ್ಲ.

ದುಡಿಯುವ ಅಕ್ಕತಂಗಿಯರೇ, ಬಸುರಾದರೆ ಮುಚ್ಚಿಡಬೇಡಿ. ಮೊದಲು ಸೂಲಗಿತ್ತಿಗೆ ತೋರಿಸಿ, ಆಮೇಲೆ ಮೇಸ್ತ್ರಿಗೆ ನೀವೇ ತಿಳಿಸಿ. ಕೆಲಸ ಬಿಡು ಎಂದರೆ ಬಿಡಬೇಡಿ, ನೇರವಾಗಿ ಸಂಘಕ್ಕೆ ಬನ್ನಿ. ನಿಮ್ಮ ಪಕ್ಕದ ಮಗ್ಗದವಳು ಹೆದರಿದ್ದರೆ, ಅವಳ ಜೊತೆಗೆ ನೀವು ಹೋಗಿ.